ಸೋಗಾನೆಯ ವಿಮಾನ ನಿಲ್ದಾಣವೂ ತ್ಯಾವಣಿಗೆ ಸೀಮೆಯ ಬೇಸಾಯಗಾರರೂ

ಬೆಳೆಯನ್ನು ಬೆಳೆಯುವುದು ಎಷ್ಟು ಮುಖ್ಯವೋ, ಅದನ್ನು ಕೆಡದಂತೆ ಪೇಟೆಗೆ ಮುಟ್ಟಿಸುವುದೂ ಅಷ್ಟೇ ಮುಖ್ಯವೆಂಬುದು ಬೇಸಾಯಗಾರರೆಲ್ಲರೂ ಬಲ್ಲ ಸಂಗತಿ. ಗಾಡಿ, ರೈಲು, ಲಾರಿಗಳ ಸಾಲಿಗೆ ಈಚೆಗೆ ವಿಮಾನವೂ ಸೇರಿರುವುದು. ಶಿವಮೊಗ್ಗದ ಸಮೀಪದ ಸೋಗಾನೆಯಲ್ಲಿ ಸ್ಥಾಪಿತವಾಗಿರುವ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣದಿಂದ ಸುತ್ತಣ ಗ್ರಾಮಗಳಿಗೆ ಆಗತಕ್ಕ ಪ್ರಯೋಜನವೇನು, ಆಗಲಾರದ್ದೇನು ಎಂಬುದನ್ನು ಗ್ರಾಮ ಮುಖಂಡರೂ ಜಮೀನುದಾರರೂ ವಿವೇಚಿಸುವುದು ಅವಶ್ಯಕ.

ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು 1997ರಲ್ಲಿ ದಾವಣಗೆರೆ ಜಿಲ್ಲೆಯು ರಚಿತವಾಗುವವರೆಗೆ ಶಿವಮೊಗ್ಗಕ್ಕೇ ಸೇರಿದ್ದವು. ಆದಕಾರಣ ಈ ಸೀಮೆಯವರಿಗೆ ಶಿವಮೊಗ್ಗದ ದಾರಿಯು ಹೊಸದಲ್ಲ. ಸೋಗಾನೆಯ ಕೆಲಸವು ಕೆಲವು ವರ್ಷ ನಿಂತುಹೋಗಿ 2020ರಲ್ಲಿ ಪುನಃ ಆರಂಭವಾಯಿತು. ಸುಮಾರು 450 ಕೋಟಿ ರೂಪಾಯಿಗಳ ವೆಚ್ಚದ ಈ ನಿಲ್ದಾಣದ ಉದ್ಘಾಟನೆಯು 2023ನೆಯ ಇಸವಿ ಫೆಬ್ರವರಿ 27ರಂದು ನೆರವೇರಿತು. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲನೆಯ ಪ್ರಯಾಣಿಕ ವಿಮಾನವು ಬಂದಿಳಿಯಿತು. ನವೆಂಬರ್ 21ರಿಂದ ಹೈದರಾಬಾದ್, ತಿರುಪತಿ, ಗೋವಾಗಳಿಗೆ ಸಂಚಾರವು ಮೊದಲಾಯಿತು.

ವಿಮಾನವು ಓಡಿ ಏರುವ ರನ್‌ವೇಯ ಉದ್ದ 3,200 ಮೀಟರು, ಅಗಲ 45 ಮೀಟರು. ಈ ಹಾದಿಯೊಂದೇ ಸುಮಾರು 35 ಎಕರೆ ನೆಲವನ್ನು ಆಕ್ರಮಿಸುವುದು. ಇಡೀ ನಿಲ್ದಾಣವು 600 ಎಕರೆಗೂ ಮೀರಿದ್ದು. ಒಮ್ಮೆ ಹೀಗೆ ಬಿಟ್ಟ ಭೂಮಿಯು ಮತ್ತೆ ಬೇಸಾಯಕ್ಕೆ ಬಾರದು. ಅದರ ಪ್ರತಿಫಲವು ಜನರಿಗೆ ಸಲ್ಲತಕ್ಕದ್ದೇ ಮುಖ್ಯ ಪ್ರಶ್ನೆ.

ತ್ಯಾವಣಿಗೆಯ ಸುತ್ತಿನಲ್ಲಿ ಭದ್ರಾ ನಾಲೆಯ ನೀರಿನಿಂದ ಬೆಳೆಯುವ ಭತ್ತ, ಅಡಕೆ, ಕಬ್ಬು, ತೆಂಗುಗಳು ವಿಮಾನದಲ್ಲಿ ಸಾಗಿಸತಕ್ಕ ಸರಕುಗಳಲ್ಲ. ಒಣಗಿಸಿದ ಅಡಕೆಯು ತಿಂಗಳುಗಟ್ಟಲೆ ಕೆಡದು. ಭತ್ತವು ತೂಕ ಹೆಚ್ಚು, ಬೆಲೆ ಕಡಿಮೆ. ಕಬ್ಬಾದರೋ ಹತ್ತಿರದ ಕಾರ್ಖಾನೆಗೇ ಹೋಗತಕ್ಕದ್ದು. ಇವುಗಳಿಗೆ ಲಾರಿಯೇ ಲೇಸು. ಹಗುರವಾಗಿಯೂ ಬೆಲೆಯುಳ್ಳದ್ದಾಗಿಯೂ ಬೇಗ ಬಾಡುವುದಾಗಿಯೂ ಇರುವ ಹೂವು, ಅಣಬೆ ಮೊದಲಾದುವುಗಳಿಗೆ ಮಾತ್ರ ವಿಮಾನದ ಬಾಡಿಗೆಯು ತಾಳುವುದು. ಅದಕ್ಕೂ ತಂಪಿನ ಉಗ್ರಾಣ, ಕೂಡಿ ಸಾಗಿಸುವ ಸಂಘ, ನಿಶ್ಚಿತ ಕೊಳ್ಳುಗ ಇವು ಮೊದಲೇ ಸಿದ್ಧವಿರಬೇಕು. ಒಬ್ಬ ರೈತನ ನಾಲ್ಕು ಬುಟ್ಟಿ ಹೂವಿನಿಂದ ಈ ವ್ಯಾಪಾರವು ನಿಲ್ಲಲಾರದು.

ಆದ್ದರಿಂದ ಈ ನಿಲ್ದಾಣದಿಂದ ರೈತನಿಗೆ ನೇರವಾಗಿ ದೊರೆಯುವುದು ಸಾಗಣೆಯಲ್ಲ, ಸಮಯ. ತುರ್ತು ಚಿಕಿತ್ಸೆಗಾಗಿ ದೊಡ್ಡ ಊರನ್ನು ಸೇರಬೇಕಾದ ರೋಗಿ, ದೂರದಿಂದ ಬರಬೇಕಾದ ವರ್ತಕ, ಪರಸ್ಥಳದಲ್ಲಿ ದುಡಿಯುವ ಮಕ್ಕಳು ಇವರಿಗೆ ದಿನದ ಪ್ರಯಾಣವು ಗಂಟೆಗಳಿಗೆ ಇಳಿಯುವುದು. ಆದಾಗ್ಯೂ ಮಳೆಗಾಲದಲ್ಲಿ ಮೋಡವೂ ಮಂಜೂ ಕವಿದಾಗ ವಿಮಾನವು ಇಳಿಯಲಾರದೆ ಹಿಂದಿರುಗುವುದುಂಟು. ಆ ದಿನಗಳಲ್ಲಿ ರೈಲಿನ ದಾರಿಯನ್ನೂ ನೋಡಿಕೊಂಡಿರುವುದು ಜಾಣತನ.

ಇನ್ನೊಂದು ವಿಷಯವು ಗಮನಾರ್ಹ. ಸಣ್ಣ ಊರುಗಳಿಗೆ ವಿಮಾನ ಸಂಚಾರವನ್ನು ಒದಗಿಸಲು ಕೇಂದ್ರ ಸರ್ಕಾರವು ಏರ್ಪಡಿಸಿದ ಉಡಾನ್ ಯೋಜನೆಯಲ್ಲಿ, ಆಯ್ದ ಮಾರ್ಗಗಳ ನಷ್ಟವನ್ನು ತುಂಬಿಕೊಡುವ ಅವಧಿಯು 3 ವರ್ಷಗಳು. ಅವಧಿ ತೀರಿದ ಮೇಲೆ ಮಾರ್ಗವು ಪ್ರಯಾಣಿಕರ ಬಲದಿಂದಲೇ ನಿಲ್ಲಬೇಕು. ಜನರಿಲ್ಲದಿದ್ದರೆ ವಿಮಾನವು ನಿಂತೀತು. ಬಿಟ್ಟುಕೊಟ್ಟ ಭೂಮಿಯು ಮಾತ್ರ ಹಿಂದಿರುಗದು. ಹೊನ್ನಾಳಿ, ಚನ್ನಗಿರಿಗಳಿಂದ ವಿಮಾನದ ವೇಳೆಗೆ ಹೊಂದುವ ಬಸ್ಸುಗಳಿಗಾಗಿ ಪಂಚಾಯಿತಿಗಳು ನಿರ್ಣಯ ಮಾಡಿ ಕಳುಹಿಸುವುದು ಉಚಿತ.

ನಿಲ್ದಾಣದ ನೆರೆಯ ಗ್ರಾಮಗಳು ಎರಡು ನಿಬಂಧನೆಗಳನ್ನು ತಿಳಿದಿರತಕ್ಕದ್ದು. ನಿಲ್ದಾಣದಿಂದ 10 ಕಿಲೋಮೀಟರಿನೊಳಗೆ ಕಸವನ್ನು ಬಯಲಿನಲ್ಲಿ ಸುರಿಯುವುದಾಗಲಿ, ಪ್ರಾಣಿಗಳನ್ನು ಕೊಯ್ದು ತೊಗಲು ಸುಲಿಯುವುದಾಗಲಿ ಹದ್ದು ಕಾಗೆಗಳನ್ನು ಸೆಳೆಯುವುದರಿಂದ ನಿಷಿದ್ಧ. ಒಂದೇ ಹಕ್ಕಿಯು ಯಂತ್ರಕ್ಕೆ ಸಿಕ್ಕಿದರೂ ಅಪಾಯವುಂಟು. ಇದಲ್ಲದೆ, ಸುತ್ತಣ ಪ್ರದೇಶದಲ್ಲಿ ಎತ್ತರದ ಕಟ್ಟಡ, ಗೋಪುರಗಳನ್ನು ಎಬ್ಬಿಸುವ ಮೊದಲು ಎತ್ತರದ ಅನುಮತಿಯನ್ನು ಪಡೆಯತಕ್ಕದ್ದು.

ಕಡೆಯದಾಗಿ ಜಮೀನಿನ ಮಾತು. ಸೋಗಾನೆಯಲ್ಲಿ ಭೂಮಿ ಬಿಟ್ಟ ರೈತರು ತಮಗೆ ನಿವೇಶನಗಳು ದೊರೆಯಬೇಕೆಂದು ಒತ್ತಾಯಿಸಿದ್ದುದು ಇತರರಿಗೆ ಪಾಠ. 2014ರ ಜನವರಿ 1ರಿಂದ ಜಾರಿಗೆ ಬಂದ ಭೂಸ್ವಾಧೀನದ ಕಾಯಿದೆಯ ಮೇರೆಗೆ ಪರಿಹಾರಕ್ಕೆ ಭೂಮಾಲಿಕರು ಮಾತ್ರವೇ ಅಲ್ಲ, ಮೂರು ವರ್ಷಗಳಿಂದ ಆ ಭೂಮಿಯನ್ನೇ ನಂಬಿ ಬದುಕಿದ ಗೇಣಿದಾರರೂ ಕೂಲಿಕಾರರೂ ಬಾಧಿತ ಕುಟುಂಬಗಳೆಂದು ಗಣಿತರಾಗುವರು. ಆದರೆ ತೀರಿಹೋದ ಹಿರಿಯರ ಹೆಸರಿನಲ್ಲೇ ಖಾತೆಯು ಉಳಿದಿದ್ದರೆ, ಪೋಡಿಯಾಗದೆ ಪಹಣಿಯಲ್ಲಿ ಹಲವರ ಹೆಸರಿದ್ದರೆ, ನ್ಯಾಯವಾದ ಹಣವೂ ವರ್ಷಗಟ್ಟಲೆ ಕಚೇರಿಯಲ್ಲಿ ನಿಲ್ಲುವುದು. ರಸ್ತೆ, ನಾಲೆ, ನಿಲ್ದಾಣ ಯಾವುದಕ್ಕೇ ಆಗಲಿ ಭೂಮಿಯನ್ನು ಕೇಳುವ ದಿನ ಬರುವ ಮೊದಲೇ, ವಾರಸು ಖಾತೆ, ಅಳತೆ, ಪೋಡಿಗಳನ್ನು ಸರಿಪಡಿಸಿಕೊಳ್ಳುವಂತೆ ಮುಖಂಡರು ತಮ್ಮ ಗ್ರಾಮಸ್ಥರನ್ನು ಪ್ರೇರೇಪಿಸುವುದು ಮಹೋಪಕಾರವಾಗುವುದು.