ವೀಣೆಯ ಲಂಗರು

ವೀಣೆಯನ್ನು ಕಂಡವರು ಮೊದಲು ನೋಡುವುದು ಅದರ ಯಾಳಿಯ ಮುಖವನ್ನು; ಆಮೇಲೆ ದಂಡಿಯ ಮೇಲೆ ಸಾಲಾಗಿ ನಿಂತ 24 ಮೆಟ್ಟುಗಳನ್ನು; ಕೊನೆಗೆ ಕೊಡದ ಮೇಲಿನ ಕುಸುರಿಯನ್ನು. ಕುದುರೆಯ ಆಚೆಗೆ, ಬೆರಳು ಹೋಗದ, ನಾದ ಹೊರಡದ ನಾಲ್ಕಾರು ಅಂಗುಲದ ಸ್ಥಳವೊಂದುಂಟು. ಅತ್ತ ಕಣ್ಣು ಹಾಯಿಸುವವರು ಕಡಮೆ. ಈ ಲೇಖನ ಆ ಸ್ಥಳವನ್ನು ಕುರಿತದ್ದು. ತಂತಿಯ ನುಡಿಯದ ಭಾಗ ಕೆಟ್ಟರೆ ನುಡಿಯುವ ಭಾಗವೂ ಕೆಡುತ್ತದೆಂಬುದೇ ಇಲ್ಲಿ ನಾನು ಹೇಳಬೇಕೆಂದಿರುವ ಮಾತು.

ವೀಣೆಗೆ ಏಳು ತಂತಿಗಳು. ನುಡಿಸುವುದಕ್ಕೆ ನಾಲ್ಕು: ಸಾರಣಿ, ಪಂಚಮ, ಮಂದ್ರ, ಅನುಮಂದ್ರ. ಪಕ್ಕದಲ್ಲಿ ತಾಳಕ್ಕೆ ಮೂರು. ತಂತಿಯ ಒಂದು ತುದಿ ಬಿರಡೆಗೆ ಸುತ್ತಿರುತ್ತದೆ. ಇನ್ನೊಂದು ತುದಿ ಕುದುರೆಯನ್ನು ದಾಟಿ ನೇರವಾಗಿ ಕೊಡಕ್ಕೆ ಸೇರುವುದಿಲ್ಲ. ನಡುವೆ ದಪ್ಪ ಲೋಹದ ಎಳೆಯೊಂದನ್ನು ಮಡಿಸಿ ಮಾಡಿದ ಕೊಂಡಿಯಿದೆ, ಅದೇ ಲಂಗರು. ಲಂಗರಿನ ಒಂದು ತುದಿಗೆ ತಂತಿ, ಇನ್ನೊಂದು ತುದಿಗೆ ಕೊಡದ ಅಂಚಿನಲ್ಲಿ ಬಿಗಿದಿರುವ ನಾಗಪಾಶ. ಹಡಗನ್ನು ಹಿಡಿದು ನಿಲ್ಲಿಸುವ ಲಂಗರಿನಂತೆ ಇದು ತಂತಿಯನ್ನು ಹಿಡಿದು ನಿಲ್ಲಿಸುತ್ತದೆ. ಈ ಮಡಿಕೆಯ ಮೇಲೆ ಜಾರುವ ಪುಟ್ಟ ಉಂಗುರವೊಂದಿರುತ್ತದೆ. ಶ್ರುತಿಯ ಸೂಕ್ಷ್ಮವೆಲ್ಲ ಈ ಉಂಗುರದಲ್ಲಿದೆ.

ಬಿರಡೆಯಿರುವಾಗ ಉಂಗುರವೇಕೆ? ಸಾರಣಿಯ ಷಡ್ಜಕ್ಕೆ ಸೆಕೆಂಡಿಗೆ 160 ಕಂಪನಗಳೆಂದು ಇಟ್ಟುಕೊಳ್ಳೋಣ. ಆಗ ಪಂಚಮದ ತಂತಿಗೆ 120, ಮಂದ್ರಕ್ಕೆ 80, ಅನುಮಂದ್ರಕ್ಕೆ 60. ತಂತಿಯ ಬಿಗಿಯನ್ನು ನೂರಕ್ಕೆ 2 ಪಾಲು ಹೆಚ್ಚಿಸಿದರೆ ಕಂಪನ ನೂರಕ್ಕೆ ಸುಮಾರು 1 ಪಾಲು ಏರುತ್ತದೆ. ಇಷ್ಟು ಸಣ್ಣ ಅಂತರವನ್ನು ಕಿವಿ ಕಂಡುಹಿಡಿಯುತ್ತದೆ. ಆದರೆ ಮರದ ಬಿರಡೆ ಅಷ್ಟು ಸಣ್ಣದಾಗಿ ತಿರುಗಲೊಲ್ಲದು. ತಿರುಗಿದರೆ ಒಮ್ಮೆಲೇ ಜರುಗಿ ಬೇಕಾದ ಸ್ಥಾನವನ್ನು ದಾಟಿಬಿಡುತ್ತದೆ. ಉಂಗುರವಾದರೋ ಕೂದಲೆಳೆಯಷ್ಟು ಸರಿಯಬಲ್ಲದು. ಲಂಗರಿನ ಇಕ್ಕಟ್ಟಾದ ತುದಿಯಿಂದ ಅಗಲವಾದ ಕಡೆಗೆ ಉಂಗುರ ಸರಿದಂತೆ ಎರಡು ಎಳೆಗಳೂ ಹತ್ತಿರಕ್ಕೆ ಬಂದು ತಂತಿಯನ್ನು ಎಳೆಯುತ್ತವೆ, ಶ್ರುತಿ ಏರುತ್ತದೆ. ಹಿಂದಕ್ಕೆ ಸರಿಸಿದರೆ ಇಳಿಯುತ್ತದೆ. ವೀಣೆ ಶೇಷಣ್ಣನವರಿಂದ (1852–1926) ವಿ. ದೊರೆಸ್ವಾಮಿ ಅಯ್ಯಂಗಾರ್ಯರವರೆಗೆ (1920–1997) ಮೈಸೂರು ಬಾನಿಯ ಹಿರಿಯರ ಮೀಟನ್ನು ನಾವು ಕೊಂಡಾಡುತ್ತೇವೆ. ಆದರೆ ತಂತಿಗಳು ಒಂದಕ್ಕೊಂದು ಕೂಡದಿದ್ದರೆ ಎಂಥ ಮೀಟೂ ಸಪ್ಪೆಯೇ.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಕಡೂರು ತಾಲ್ಲೂಕಿನ ಹಿರೇನಲ್ಲೂರು ನಮ್ಮೂರು. ಅಲ್ಲಿ ನಮ್ಮ ಸೋದರತ್ತೆಯವರ ಬಳಿ ಒಂದು ಹಳೆಯ ವೀಣೆಯಿದೆ. ವಯಸ್ಸಾದಂತೆ ಅವರ ಮಣಿಕಟ್ಟಿನಲ್ಲಿ ಶಕ್ತಿ ಕುಂದಿತು. ಬಿರಡೆ ತಿರುಗಿಸುವುದು ಆಗದಾಯಿತು. ಅನುಮಂದ್ರ ದಿನವೂ ಇಳಿಯುತ್ತಿತ್ತು. ವೀಣೆ ಗವಸು ಹೊದ್ದು ಮೂಲೆ ಸೇರಿತು. ಯಾರಿಗಾದರೂ ಕೊಟ್ಟುಬಿಡೋಣವೆಂಬ ಮಾತೂ ಮನೆಯಲ್ಲಿ ನಡೆಯಿತು. ವೀಣೆ ಮಾಡುವ ಕೈಗಳು ಇರುವುದು ಮೈಸೂರಿನಲ್ಲಿ, ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ; ನಮ್ಮೂರಿಗೆ ಎರಡೂ ದೂರವೇ. ಒಂದು ರಜೆಯಲ್ಲಿ ನಾನು ಗವಸು ಬಿಚ್ಚಿ ಬಿರಡೆಗೆ ಕೈಹಾಕಿದಾಗ ಅತ್ತೆ, “ತಡಿಯೋ ಪುಟ್ಟ, ಮೊದಲು ಲಂಗರು ನೋಡು” ಎಂದರು. ನೋಡಿದರೆ ಉಂಗುರ ತುಕ್ಕು ಹಿಡಿದು ಒಂದೇ ಕಡೆ ಕಚ್ಚಿಕೊಂಡಿತ್ತು. ಅವರು ಹೇಳುತ್ತ ಹೋದರು, ನಾನು ಮಾಡುತ್ತ ಹೋದೆ. ಆಗ ಕಲಿತದ್ದನ್ನು ಕ್ರಮವಾಗಿ ಇಲ್ಲಿ ಬರೆಯುತ್ತೇನೆ.

ಮೊದಲನೆಯದಾಗಿ, ಏಳೂ ತಂತಿಗಳನ್ನು ಒಟ್ಟಿಗೆ ಬಿಚ್ಚಬಾರದು. ಕುದುರೆ ತನ್ನ ಸ್ಥಾನದಲ್ಲಿ ನಿಂತಿರುವುದು ಬಹುಮಟ್ಟಿಗೆ ತಂತಿಗಳ ಒತ್ತಡದಿಂದ. ಅದು ಕದಲಿದರೆ ಮೆಟ್ಟುಗಳ ಸ್ವರಸ್ಥಾನವೇ ತಪ್ಪುತ್ತದೆ. ಆದ್ದರಿಂದ ಒಂದು ತಂತಿಯನ್ನು ಸಡಿಲಿಸಿ, ಅದರ ಲಂಗರನ್ನು ಒರಸಿ, ಬಿಗಿದು, ಆಮೇಲೆ ಮುಂದಿನದಕ್ಕೆ ಹೋಗಬೇಕು. ತಂತಿ ಲಂಗರಿಗೆ ಸೇರುವ ಕುಣಿಕೆಯನ್ನು ಚೆನ್ನಾಗಿ ಪರೀಕ್ಷಿಸಬೇಕು. ಅಲ್ಲಿ ತುಕ್ಕು ಕಂಡರೆ ತಂತಿಯನ್ನೇ ಬದಲಾಯಿಸುವುದು ಲೇಸು. ಬಿಗಿಯುವಾಗ ಮುಖವನ್ನು ದೂರವಿಟ್ಟುಕೊಳ್ಳಬೇಕು. ಹರಿದ ತಂತಿ ಚಾಟಿಯಂತೆ ಬೀಸುತ್ತದೆ.

ಎರಡನೆಯದಾಗಿ, ಬಿರಡೆಯಿಂದ ಶ್ರುತಿ ಮಾಡುವ ಮೊದಲು ಉಂಗುರವನ್ನು ಅದರ ಹಾದಿಯ ನಡುಮಧ್ಯಕ್ಕೆ ತರಬೇಕು. ಆಗ ಏರಿಸಲೂ ಇಳಿಸಲೂ ಎರಡು ಕಡೆಗೂ ಎಡೆಯಿರುತ್ತದೆ. ಉಂಗುರ ಕೊನೆ ಮುಟ್ಟಿದ ಮೇಲೆ ಅದನ್ನು ಒತ್ತಾಯದಿಂದ ತಳ್ಳಬಾರದು. ಮತ್ತೆ ನಡುವಿಗೆ ತಂದು, ಬಿರಡೆಯಿಂದ ಸರಿಮಾಡಬೇಕು. ಉಂಗುರ ಸಡಿಲವಾದರೆ ಮೀಟಿದಾಗ ಗಿರ್ರೆಂದು ಅದುರುತ್ತದೆ. ಅದನ್ನು ಬಿಚ್ಚಿ ಇಕ್ಕಳದಿಂದ ಹಗುರವಾಗಿ ಅದುಮಿದರೆ ಸಾಕು.

ಮೂರನೆಯದಾಗಿ, ಉಂಗುರ ಸರಿಸಿದೊಡನೆ ಶ್ರುತಿ ನಿಂತಿತೆಂದು ನಂಬಬಾರದು. ತಂತಿ ಕುದುರೆಯ ಹಿತ್ತಾಳೆಯ ತಗಡಿನ ಮೇಲೆ ಕಚ್ಚಿಕೊಂಡಿರುತ್ತದೆ. ಹಿಂದಿನ ಬಿಗಿ ಮುಂದಕ್ಕೆ ಹರಿಯಲು ತಂತಿಯನ್ನು ಬೆರಳಿನಿಂದ ಒಂದೆರಡು ಸಲ ಮೆಲ್ಲನೆ ಎಳೆದುಬಿಟ್ಟು ಮತ್ತೆ ಕೇಳಬೇಕು. ಆದರೆ ಆ ತಗಡನ್ನು ಅರದಿಂದ ಉಜ್ಜುವುದು ಮಾತ್ರ ಕೂಡದು. ಅದರ ಬಾಗಿನಲ್ಲಿಯೇ ವೀಣೆಯ ನಾದವಿದೆ. ಅದು ಕುಶಲಿಗಳ ಕೆಲಸ.

ಪಾಶ್ಚಾತ್ಯರ ವಾದ್ಯವೃಂದದಲ್ಲಿಯೂ ಇಂಥದೇ ಒಂದು ಉಪಾಯವುಂಟು. ಡಬಲ್ ಬೇಸ್ ಎಂಬ ಆಳೆತ್ತರದ ವಾದ್ಯದ ಅತಿ ತಗ್ಗಿನ ತಂತಿಗೆ ಸೆಕೆಂಡಿಗೆ ಸುಮಾರು 41 ಕಂಪನಗಳು. ಅದನ್ನು 33ರವರೆಗೆ ಇಳಿಸಲು ಕೆಲವರು ತಲೆಯ ಕಡೆ ಪಟ್ಟಿಯೊಂದನ್ನು ಜೋಡಿಸಿ, ತಂತಿಯನ್ನು ಅದರ ಮೇಲೆ ಮುಂದುವರಿಸುತ್ತಾರೆ. ಅಲ್ಲಿ ತಂತಿಯ ನುಡಿಯುವ ಭಾಗವೇ ಉದ್ದವಾಗುತ್ತದೆ. ನಮ್ಮ ಲಂಗರಿನಲ್ಲಿ ಹಾಗಲ್ಲ. ಆದರೆ ಎರಡಕ್ಕೂ ಕಾಟ ಒಂದೇ: ತಂತಿ ಹಾದುಹೋಗುವ ಎಡೆಗಳಲ್ಲಿ ತಿಕ್ಕಾಟ. ಅವರು ಅಂಥ ಗೀರುಗಳಿಗೆ ಪೆನ್ಸಿಲಿನ ಸೀಸವನ್ನು ಉಜ್ಜುತ್ತಾರೆ. ವೀಣೆಯಲ್ಲಿ ಬಿರಡೆಯ ಕಡೆ ತಂತಿ ಒರಗುವ ಗೀರಿಗೂ ಅದು ಸಲ್ಲುತ್ತದೆ.

ಇನ್ನು ಹವೆಯ ಮಾತು. ಒಂದೇ ಜಿಲ್ಲೆಯಲ್ಲಿ ಶೃಂಗೇರಿಯದು ಮಲೆನಾಡು, ಕಡೂರಿನದು ಒಣ ಬಯಲು. ಮಳೆಗಾಲದಲ್ಲಿ ಮರ ಉಬ್ಬಿ ಬಿರಡೆ ಬಿಗಿಯುತ್ತದೆ. ಬೇಸಗೆಯಲ್ಲಿ ಕುಗ್ಗಿ ಜಾರುತ್ತದೆ. ಜಾರುವ ಬಿರಡೆಗೆ ಸೀಮೆಸುಣ್ಣ, ಬಿಗಿದದ್ದಕ್ಕೆ ಒಣ ಸಾಬೂನು. ನುಡಿಸುವಾಗ ಬೆರಳಿಗೆ ಸವರುವ ಕೊಬ್ಬರಿಯೆಣ್ಣೆ ಬಿರಡೆಗೆ ತಾಕಬಾರದು. ಮೆಟ್ಟುಗಳನ್ನು ಕೂಡಿಸಿರುವುದು ಮೇಣದಲ್ಲಾದ್ದರಿಂದ ವೀಣೆಯನ್ನು ಬಿಸಿಲಿಗೆ ಇಡಲೇಬಾರದು. ನುಡಿಸಿದ ಮೇಲೆ ತಂತಿಯನ್ನೂ ಲಂಗರನ್ನೂ ಒಣಬಟ್ಟೆಯಿಂದ ಒರಸುವುದು ಎರಡು ನಿಮಿಷದ ಕೆಲಸ.

ಈಗ ಅತ್ತೆಯವರು ಬಿರಡೆಯನ್ನು ಮುಟ್ಟುವುದು ಅಪರೂಪ. ಹೆಬ್ಬೆರಳಿನಿಂದ ಉಂಗುರವನ್ನು ಸರಿಸಿಕೊಂಡು ಸಂಜೆ ಅರ್ಧ ಗಂಟೆ ನುಡಿಸುತ್ತಾರೆ. ನಮ್ಮ ಸಹಪಾಠಿಗಳಲ್ಲಿ ಹಲವರ ಮನೆಗಳಲ್ಲಿ ಅಜ್ಜಿಯದೋ ಅತ್ತೆಯದೋ ವೀಣೆ ಹೀಗೆಯೇ ಗವಸಿನೊಳಗೆ ಮಲಗಿರಬಹುದು. ಅದನ್ನು ಕೆಟ್ಟಿತೆಂದು ಮಾರುವ ಮುನ್ನ ಒಮ್ಮೆ ಕುದುರೆಯ ಹಿಂದೆ ನೋಡಿರಿ. ಕೆಟ್ಟಿರುವುದು ವೀಣೆಯಲ್ಲ, ಒಂದು ಉಂಗುರ ಮಾತ್ರವೆಂದು ತಿಳಿದುಬಂದೀತು.