ದೂರದ ಗೋಲು, ದೀರ್ಘಕಾಲದ ನೆನಪು

ಕೋಲ್ಕತ್ತದಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಕಾಲ್ಚೆಂಡಾಟದ ಹುಚ್ಚು ತವರಿನಿಂದ ಬಂದದ್ದಲ್ಲ, ಈ ಊರಿನ ನೀರು ಹಿಡಿಸಿದ್ದು. ಮೋಹನ್ ಬಾಗಾನ್ ಗೆದ್ದರೆ ಸಿಗಡಿ, ಈಸ್ಟ್ ಬೆಂಗಾಲ್ ಗೆದ್ದರೆ ಹಿಲ್ಸಾ ಮೀನು ಎಂಬ ಇಲ್ಲಿನ ರೂಢಿ ಮೀನು ಮುಟ್ಟದ ನಮ್ಮ ಮನೆಗಳಲ್ಲೂ ಎಲ್ಲರಿಗೂ ಗೊತ್ತು. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಚಹಾದ ಅಂಗಡಿಯ ಅಡ್ಡಾಗಳಲ್ಲಿ ಹಿರಿಯ ಅಭಿಮಾನಿಗಳು ಮತ್ತೆ ಮತ್ತೆ ಮೆಲುಕು ಹಾಕುವುದು ದೂರದಿಂದ ಬಾರಿಸಿದ ಗೋಲುಗಳನ್ನು. ಇದಕ್ಕೆ ಕಾರಣವೇನು?

ಗೋಲುಕಂಬಗಳ ನಡುವಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಪೆನಾಲ್ಟಿ ಆವರಣದ ಗೆರೆ ಗೋಲಿನಿಂದ 16.5 ಮೀಟರ್ ದೂರದಲ್ಲಿದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೊಡೆದ ಚೆಂಡು 25 ಮೀಟರ್ ಕ್ರಮಿಸಲು ಸುಮಾರು 0.9 ಸೆಕೆಂಡು ಬೇಕು. ಎದುರಿನ ಆಟಗಾರರು ಅಡ್ಡ ನಿಂತಿದ್ದರೆ ಗೋಲ್‌ಕೀಪರನಿಗೆ ಆ ಅವಧಿಯೂ ಪೂರ್ತಿ ದಕ್ಕುವುದಿಲ್ಲ. ಚೆಂಡು ತಿರುಗುತ್ತಾ ಹೋದರೆ ಗಾಳಿಯ ಒತ್ತಡದಿಂದ ಅದರ ಹಾದಿಯೂ ಬಾಗುತ್ತದೆ. ಗೋಲಿನ ಸಮೀಪದ ಹೊಡೆತವು ಕಾಲುಗಳ ಗೊಂದಲದಲ್ಲಿ ಮುಗಿದುಹೋಗುತ್ತದೆ. ದೂರದ ಹೊಡೆತವನ್ನಾದರೋ ಕೊನೆಯ ಸಾಲಿನಲ್ಲಿ ಕುಳಿತವನೂ ಕಾಣುತ್ತಾನೆ. ಇಡೀ ಗ್ಯಾಲರಿ ಒಟ್ಟಿಗೆ ಉಸಿರು ಬಿಗಿಹಿಡಿಯುವ ಆ ಒಂದು ಕ್ಷಣವೇ ಮನಸ್ಸಿನಲ್ಲಿ ಉಳಿಯುವುದು.

ಹಿಂದಿನ ಕಾಲದಲ್ಲಿ ಇದು ಇನ್ನೂ ಕಠಿಣವಾಗಿತ್ತು. ಕಲ್ಕತ್ತಾ ಲೀಗ್ ನಡೆಯುತ್ತಿದ್ದುದು ಮಳೆಗಾಲದಲ್ಲಿ. ಚರ್ಮದ ಚೆಂಡು ನೀರು ಹೀರಿ ಭಾರವಾಗುತ್ತಿತ್ತು. ಅನೇಕರು ಬರಿಗಾಲಿನಲ್ಲೇ ಆಡುತ್ತಿದ್ದರು. ಮೋಹನ್ ಬಾಗಾನ್ ತಂಡದ ಶೈಲೇನ್ ಮನ್ನಾ ಅವರ ಫ್ರೀ ಕಿಕ್‌ಗಳು ಹೆಸರಾದದ್ದು ಅಂಥ ದಿನಗಳಲ್ಲಿ. ದೂರದರ್ಶನವಿಲ್ಲದ ಆ ಕಾಲದ ಗೋಲುಗಳು ಬಾಯಿಮಾತಿನಲ್ಲೇ ಬದುಕಿದವು. ಹೇಳುತ್ತಾ ಹೇಳುತ್ತಾ 25 ಗಜ 35 ಗಜವಾದರೆ ಅದನ್ನು ಸುಳ್ಳೆನ್ನಬೇಕಾಗಿಲ್ಲ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ನೆನಪಿಗೂ ಚಕ್ರಬಡ್ಡಿ ಉಂಟು.

ಈ ನೆನಪುಗಳಲ್ಲಿ ನಮ್ಮ ನಾಡಿಗೂ ಪಾಲಿದೆ. ಬೆಂಗಳೂರಿನ ಅಹಮದ್ ಖಾನ್ 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿ ಅದರ 'ಪಂಚಪಾಂಡವ'ರಲ್ಲಿ ಒಬ್ಬರಾದರು. ಆ ತಂಡ 1949, 1950 ಮತ್ತು 1951ರಲ್ಲಿ ಸತತವಾಗಿ ಐ.ಎಫ್.ಎ. ಶೀಲ್ಡ್ ಗೆದ್ದಿತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು ಭಾರತ 1-10ರಿಂದ ಸೋತಾಗ ನಮ್ಮ ಏಕೈಕ ಗೋಲು ಅವರದೇ. ಅವರು 2017ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

ಇಂದಿನ ಮಕ್ಕಳಿಗೂ ಇಂಥ ಭಾಗ್ಯ ದೊರೆತಿದೆ. 2017ರ ಅಕ್ಟೋಬರ್ 22ರಂದು ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ, 17 ವರ್ಷದೊಳಗಿನವರ ವಿಶ್ವಕಪ್‌ನ ಕ್ವಾರ್ಟರ್ ಫೈನಲ್‌ನಲ್ಲಿ, ಜರ್ಮನಿಯ ವಿರುದ್ಧ ಹಿಂದೆ ಬಿದ್ದಿದ್ದ ಬ್ರೆಜಿಲ್ ಮೊದಲು ಸಮ ಮಾಡಿಕೊಂಡಿತು. ಬಳಿಕ ಪೌಲಿನೋ ದೂರದಿಂದ ಸಿಡಿಸಿದ ಗೋಲಿನಿಂದ 2-1ರಲ್ಲಿ ಗೆದ್ದಿತು. 66 ಸಾವಿರಕ್ಕೂ ಹೆಚ್ಚು ಜನ ಅದನ್ನು ಕಣ್ಣಾರೆ ಕಂಡರು. 2025ರ ಏಪ್ರಿಲ್ 7ರಂದು ಅದೇ ಅಂಗಳದಲ್ಲಿ, ಐ.ಎಸ್.ಎಲ್. ಸೆಮಿಫೈನಲ್‌ನ ಹೆಚ್ಚುವರಿ ನಿಮಿಷಗಳಲ್ಲಿ, ಮಿಜೋರಾಮಿನ ಅಪುಯಾ ಪೆನಾಲ್ಟಿ ಆವರಣದ ಹೊರಗಿನಿಂದ ಬಾರಿಸಿದ ಚೆಂಡು ಜಮ್‌ಷೆಡ್‌ಪುರವನ್ನು ಮಣಿಸಿ ಮೋಹನ್ ಬಾಗಾನ್ ತಂಡವನ್ನು ಫೈನಲ್‌ಗೆ ಕೊಂಡೊಯ್ದಿತು. ಅಲ್ಲಿ ಎದುರಾಳಿ ಬೆಂಗಳೂರು ಎಫ್.ಸಿ.! ಬಾಗಾನ್ 2-1ರಿಂದ ಗೆದ್ದಾಗ ಹಿಗ್ಗಬೇಕೋ ಕುಗ್ಗಬೇಕೋ ಎಂಬುದು ಕನ್ನಡದ ಮನೆಗಳ ಇಕ್ಕಟ್ಟಾಗಿತ್ತು.

ಅಪುಯಾನ ಗೋಲನ್ನು ಯಾವಾಗ ಬೇಕಾದರೂ ತೆರೆಯ ಮೇಲೆ ನೋಡಬಹುದು. ಅಹಮದ್ ಖಾನರ ಆಟದ ಸೊಗಸನ್ನು ಬಲ್ಲವರು ಇಂದು ಎಪ್ಪತ್ತೈದು ದಾಟಿದ ಹಿರಿಯರು ಮಾತ್ರ. ಅವರೊಂದಿಗೆ ಅದೂ ಮರೆಯಾಗುತ್ತದೆ. ಆದುದರಿಂದ ನಮ್ಮ ಯುವಕರು ಮನೆಯ ಅಜ್ಜಂದಿರನ್ನೂ ನೆರೆಯ ಬಂಗಾಳಿ ಹಿರಿಯರನ್ನೂ ಕೇಳಿ, ಯಾವ ಮೈದಾನ, ಯಾವ ವರ್ಷ, ಎಷ್ಟು ದೂರ ಎಂಬುದನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಗಜಗಳ ಲೆಕ್ಕದಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಚಿಂತೆಯಿಲ್ಲ.