ದರಕಡಿತ ಮತ್ತು ಬಿಡಿಭಾಗದ ಬಾಳಿಕೆ

ಮೋಟಾರುಸೈಕಲ್ ತಯಾರಕರು ಪ್ರತಿವರ್ಷವೂ ದರಕಡಿತ ಕೇಳುವುದು ಪೀಣ್ಯದ ಸಣ್ಣ ಉದ್ಯಮಿಗಳಿಗೆ ಹೊಸತಲ್ಲ. ಉಕ್ಕಿನ ಬೆಲೆ ನಮ್ಮ ಹಿಡಿತದಲ್ಲಿಲ್ಲ. ಕಡಿತಕ್ಕೆ ಸಿಗುವುದು ಕುಲುಮೆಯ ಖರ್ಚು. ಪಿಸ್ಟನ್ ಪಿನ್, ಗೇರುಗಳನ್ನು ಇಂಗಾಲಯುಕ್ತ ಅನಿಲದಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಗಂಟೆಗಟ್ಟಲೆ ಕಾಯಿಸಿ, ತಣಿಸಿ, ಮೇಲ್ಮೈಯನ್ನು ಗಟ್ಟಿಗೊಳಿಸಬೇಕು. ಅವಧಿ ತಗ್ಗಿಸಿದರೆ ಗಟ್ಟಿಪದರ ತೆಳುವಾಗುತ್ತದೆ. ಅದು ಸವೆದೊಡನೆ ಒಳಗಿನ ಮೆದು ಲೋಹ ಬೇಗನೆ ಹಾಳಾಗುತ್ತದೆ. ಕಣ್ಣಿಗೆ ಮಾತ್ರ ಎರಡೂ ಒಂದೇ!

ಈ ಉಳಿತಾಯ ಅದೇ ತಿಂಗಳ ಲೆಕ್ಕದಲ್ಲಿ ಕಾಣುತ್ತದೆ. ವಾರಂಟಿ ದುರಸ್ತಿಗೆ ತಯಾರಕರು ಮಾರಾಟದ ವರ್ಷವೇ ಅಂದಾಜು ವೆಚ್ಚ ತೋರಿಸಬೇಕೆಂಬುದು ಲೆಕ್ಕಪತ್ರ ಮಾನಕದ ನಿಯಮ. ವಾರಂಟಿ ಮುಗಿದ ನಂತರದ ಸವೆತವಾದರೋ ಗ್ರಾಹಕನ ಜೇಬಿಗೆ. ತಯಾರಕರ ಯಾವ ಖಾತೆಯಲ್ಲೂ ಅದು ನಮೂದಾಗದು. ಅದಕ್ಕೂ ಮೊದಲೇ ಭಾಗ ಕೆಟ್ಟಿತೋ, ಡೆಬಿಟ್ ನೋಟು ಬರುವುದು ಪೂರೈಕೆದಾರನ ಹೆಸರಿಗೆ. ಆದ್ದರಿಂದ ಸದಸ್ಯರು ಹೊಸ ದರಕ್ಕೆ ಸಹಿ ಹಾಕುವ ಮುನ್ನ, ಗಟ್ಟಿಪದರದ ಕನಿಷ್ಠ ಆಳವನ್ನು ಖರೀದಿ ಆದೇಶದಲ್ಲೇ ಬರೆಸಿಕೊಳ್ಳಬೇಕಾಗಿ ವಿನಂತಿ.